ಪೆಟ್ಟಿಗೆಯ ಮುಚ್ಚಳದ ಒಳಗೆ ನೀವು ಬರೆದದ್ದು

ಮುನಿಯಪ್ಪಣ್ಣ,

ಹೋದ ತಿಂಗಳು ಸೂಳಗಿರಿಯ ಆ ಶೆಡ್ಡಿನ ಮಹಡಿ ಮತ್ತೆ ನಡುಗಿತು. ಸ್ವಿಚ್ ಹಾಕಿ ಮೂರು ಎಣಿಸುವಷ್ಟರಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಲೋಟದ ನೀರು ಚೆಲ್ಲಿತು, ಅಳತೆ ಮೇಜಿನ ಮೇಲಿದ್ದ ಗೇಜು ಉರುಳಿ ಬಿತ್ತು, ಆಫ್ ಮಾಡಿ ಎಂದು ಕೆಳಗಿನಿಂದ ಯಾರೋ ತಮಿಳಿನಲ್ಲಿ ಕೂಗಿದರು. ನಾಲ್ಕು ವರ್ಷದ ಹಿಂದೆ ನೀವು ನನ್ನ ಪಕ್ಕದಲ್ಲಿ ನಿಂತಿದ್ದಾಗ ಆದದ್ದೂ ಇದೇ. ಈ ಸಲ ಪಕ್ಕದಲ್ಲಿ ನೀವಿರಲಿಲ್ಲ. ತಪ್ಪು ಯಾರದು ಎಂದು ತಿರುಗಿ ನೋಡಲು ನನಗೊಂದು ಮುಖ ಸಿಗಲಿಲ್ಲ. ನೀವು ಹೋಗಿ ಎರಡು ವರ್ಷವಾಯಿತು. ಈ ಕಾಗದವನ್ನು ಅವತ್ತೇ ಬರೆಯಬೇಕಿತ್ತು. ಯಾಕೆ ಬರೆಯಲಿಲ್ಲ ಎಂಬುದೂ ಇದರಲ್ಲೇ ಬರುತ್ತದೆ.

ನಿಮ್ಮನ್ನು ಮೊದಲು ನೋಡಿದ ದಿನ ನೀವು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ಮೋಟರಿನ ಮೈಗೆ ತಾಗಿಸಿ, ಕಣ್ಣು ಮುಚ್ಚಿ ನಿಂತಿದ್ದಿರಿ. ಹೊಸೂರಿನ ಒಂದು ಕಾರ್ಖಾನೆ ಅದು. ನಾನು ಬೆಂಗಳೂರಿನ ಕೆಲಸ ಬಿಟ್ಟು, ಇಲ್ಲೊಂದು ಬಾಡಿಗೆ ಮನೆ ಹಿಡಿದು, ನಡುಗುವ ಯಂತ್ರಗಳನ್ನು ಮತ್ತು ಅವುಗಳಿಂದ ನಡುಗುವ ಕಟ್ಟಡಗಳನ್ನು ಸರಿಮಾಡಿಕೊಡುತ್ತೇನೆಂದು ಒಬ್ಬಳೇ ಓಡಾಡುತ್ತಿದ್ದ ಹೊಸತು. 'ಒಳಗಡೆ ಬೇರಿಂಗು ಅಳ್ತಾ ಐತೆ ಮೇಡಮ್' ಅಂದಿರಿ. ನನ್ನ ಮೀಟರು ಅದನ್ನೇ ಹೇಳಲು ಎರಡು ಗಂಟೆ ತೆಗೆದುಕೊಂಡಿತು. ನೀವು ನಗಲಿಲ್ಲ. ಡಬ್ಬಿ ಬಿಚ್ಚಿ, ಮುದ್ದೆ ಮುರಿದು, ಅರ್ಧ ನನ್ನ ಕಡೆ ತಳ್ಳಿದಿರಿ. ಅಲ್ಲಿಂದ ಮುಂದೆ ನಾನು ಹಿಡಿದ ಯಾವ ಕೆಲಸಕ್ಕೂ ನಿಮ್ಮನ್ನು ಕರೆಯದೆ ಹೋಗಲಿಲ್ಲ. ಜನರ ಎದುರಿಗೆ ಮೇಡಮ್, ನಾವಿಬ್ಬರೇ ಇದ್ದಾಗ ಸುಮನಮ್ಮ. ಬೈಯಬೇಕಾದಾಗ ಮಾತ್ರ ಬರೀ 'ಏನಮ್ಮಾ ನೀನು'.

ಸೂಳಗಿರಿಯಲ್ಲಿ ಸೆಲ್ವಂ ಅವರ ಆ ಶೆಡ್ಡಿಗೆ ಮೊದಲ ಸಲ ಹೋದ ದಿನ ನೆನಪಿದೆಯಾ? ಕೆಳಗೆ ತಗಡು ಒತ್ತುವ ಪ್ರೆಸ್ಸುಗಳು ಕುಟ್ಟುತ್ತಿದ್ದವು, ಮೇಲೆ ಅಳತೆ ಕೋಣೆ. ಕೂದಲೆಳೆಯಷ್ಟು ವ್ಯತ್ಯಾಸ ನೋಡುವ ಯಂತ್ರಕ್ಕೆ ನೆಲವೇ ನಿಲ್ಲುತ್ತಿರಲಿಲ್ಲ. ನೀವು ಚಪ್ಪಲಿ ಬಿಟ್ಟು, ಕೂತು, ಅಂಗೈಯನ್ನು ನೆಲಕ್ಕೆ ಒತ್ತಿದಿರಿ. ನಾನು ಮಾಡಬೇಕೆಂದಿದ್ದನ್ನು ಮಾಲೀಕರಿಗೆ ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸಿದೆ. ಮಹಡಿಯ ಕೆಳಗಿನ ಬೀಮಿಗೆ ಒಂದು ಪೆಟ್ಟಿಗೆ ತೂಗುಹಾಕುವುದು, ಅದರೊಳಗೆ ಸ್ಪ್ರಿಂಗಿನ ಮೇಲೆ ಒಂದು ಭಾರ, ಭಾರದ ಸುತ್ತ ಅಯಸ್ಕಾಂತ ಮತ್ತು ತಂತಿಯ ಸುರುಳಿ. ಬೀಮು ಎಷ್ಟು ಅಲ್ಲಾಡುತ್ತಿದೆ ಎಂದು ಸೆನ್ಸರ್ ಹೇಳುತ್ತದೆ. ಅದನ್ನು ಕೇಳಿ ಸುರುಳಿಗೆ ಕರೆಂಟು ಹೋಗುತ್ತದೆ. ಭಾರ ಕುಣಿದು ನೆಲದ ಕುಣಿತವನ್ನು ಎದುರು ಎಳೆಯುತ್ತದೆ. ಸೆಲ್ವಂ ಅವರಿಗೆ ಅರ್ಥವಾಗಲಿಲ್ಲ. ಸೂಪರ್‌ವೈಸರ್ ಮಾದೇಶ ಆಗಲೇ ಆಕಳಿಸುತ್ತಿದ್ದ. ಆಗ ನೀವು ಬಾಯಿ ಬಿಟ್ಟಿರಿ.

'ತೊಟ್ಲು ತೂಗೋದೂ ಅದೇ ಕೈ, ನಿಲ್ಸೋದೂ ಅದೇ ಕೈ. ಯಾವಾಗ ತಳ್ತೀವಿ ಅನ್ನೋದ್ರಾಗೈತೆ ಎಲ್ಲ. ಹೊತ್ತು ತಪ್ಪುದ್ರೆ ನಿಲ್ಸೋಕೋದ್ ಕೈಯೇ ಮಗೀನ ಬೀಳಿಸ್ಬುಡ್ತದೆ.'

ಅದನ್ನೇ ತಮಿಳಿನಲ್ಲೂ ಹೇಳಿದಿರಿ. ಸೆಲ್ವಂ ತಲೆಯಾಡಿಸಿದರು. ಅವತ್ತಿನಿಂದ ಆ ಪೆಟ್ಟಿಗೆಗೆ ಶೆಡ್ಡಿನಲ್ಲಿ ತೊಟ್ಟಿಲು ಅಂತಲೇ ಹೆಸರು.

ನಿಮ್ಮ ಕಣ್ಣಿನ ವಿಷಯ ನೀವು ನನಗೆ ಹೇಳಿದ್ದು ಕೆಲಮಂಗಲದ ನಿಮ್ಮ ಮನೆಯ ಜಗಲಿಯಲ್ಲಿ. ಕೆಂಪಿಗೂ ಹಸಿರಿಗೂ ನಿಮಗೆ ವ್ಯತ್ಯಾಸ ಕಾಣುವುದಿಲ್ಲ. ಇಷ್ಟು ವರ್ಷ ಯಾವ ಕಾರ್ಖಾನೆಯವರಿಗೂ ಅದು ಗೊತ್ತಾಗಲು ಬಿಟ್ಟಿಲ್ಲ. ಅದಕ್ಕೇ ನೀವು ಬಣ್ಣ ನಂಬುತ್ತಿರಲಿಲ್ಲ. ಟಾರ್ಚಿನ ಸೆಲ್ಲನ್ನು ಸುರುಳಿಯ ಎರಡು ತುದಿಗೆ ತಾಗಿಸಿ, ಭಾರ ಮೇಲಕ್ಕೆ ಹಾರಿತೋ ಕೆಳಕ್ಕೆ ಇಳಿಯಿತೋ ನೋಡಿ, ಸೆಲ್ಲಿನ ತಲೆ ತಾಗಿದಾಗ ಭಾರವನ್ನು ಮೇಲಕ್ಕೆ ಹಾರಿಸಿದ ತಂತಿಗೆ ಬಿಳಿ ದಾರ ಕಟ್ಟುತ್ತಿದ್ದಿರಿ. ಬಣ್ಣ ನೋಡಿ ಕೆಲಸ ಮಾಡುವ ನಾವೆಲ್ಲ ಒಂದಲ್ಲ ಒಂದು ಸಲ ತಪ್ಪಿದ್ದೇವೆ. ನಿಮ್ಮ ದಾರ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ...

ತೊಟ್ಟಿಲನ್ನು ಏರಿಸಿದ ದಿನ ಏಣಿಯ ಮೇಲೆ ನಾನಿದ್ದೆ, ಏಣಿ ಹಿಡಿದುಕೊಂಡು ನೀವಿದ್ದಿರಿ. ಸುರುಳಿಯ ತಂತಿಯನ್ನು ನೀವು ಆಗಲೇ ಜೋಡಿಸಿದ್ದಿರಿ. ಸೆನ್ಸರನ್ನು ಬೀಮಿಗೆ ಬೆಸೆದ ತಗಡಿನ ಮೇಲ್ಗಡೆ ಕೂರಿಸಬೇಕಿತ್ತು, ನಕ್ಷೆಯಲ್ಲಿ ಹಾಗೇ ಇತ್ತು. ಅಲ್ಲಿ ಗಾಳಿಯ ಪೈಪು ಅಡ್ಡ ಬಂತು. ನಾನು ಅದನ್ನು ತಗಡಿನ ಅಡಿಗೆ ಕೂರಿಸಿ ಸ್ಕ್ರೂ ಬಿಗಿದೆ. ಅದರ ಮೈಮೇಲೆ ಒಂದು ಬಾಣದ ಗುರುತು ಇರುತ್ತದೆ, ಮೇಲೆ ಯಾವುದು ಎಂದು ತಿಳಿಸಲು. ಆ ಬಾಣ ಈಗ ನೆಲ ನೋಡುತ್ತಿತ್ತು. ಹಾಗೆ ಕೂರಿಸಿದರೆ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಒಂದು ಪ್ಲಸ್ ಗುರುತನ್ನು ಮೈನಸ್ಸಿಗೆ ಬದಲಿಸಬೇಕು. ಇಲ್ಲದಿದ್ದರೆ ನೆಲ ಮೇಲೆದ್ದಾಗ ಅದು ಕೆಳಗಿಳಿಯಿತು ಎನ್ನುತ್ತದೆ. ನಾನು ಬದಲಿಸಲಿಲ್ಲ. ಮರೆತೆ. ತಲೆಕೆಳಗಾಯ್ತಲ್ಲಮ್ಮ ಎಂದು ನೀವು ಕೆಳಗಿನಿಂದ ಕೇಳಿದಿರಾ? ಕೇಳಿದ ಹಾಗೂ ಅನಿಸುತ್ತದೆ, ಅದು ನಾನು ಆಮೇಲೆ ಕಟ್ಟಿಕೊಂಡ ನೆನಪು ಎಂದೂ ಅನಿಸುತ್ತದೆ. ಕೇಳಿದ್ದರೆ ನಾನು ಏನು ಉತ್ತರ ಕೊಟ್ಟೆ?

ಸ್ವಿಚ್ ಹಾಕಿದ ಕೂಡಲೇ ಮಹಡಿ ಎದ್ದು ಕುಣಿಯಿತು. ನಿಲ್ಲಿಸಬೇಕಾದ ಕೈ ತಳ್ಳುತ್ತಿತ್ತು. ಸೆಲ್ವಂ, ಮಾದೇಶ, ಪ್ರೆಸ್ಸಿನ ಹತ್ತು ಜನ, ಎಲ್ಲರೂ ಮೇಲೆ ನೋಡುತ್ತಾ ನಿಂತಿದ್ದರು. ನನಗೆ ಕಂಡದ್ದು ಒಂದೇ ಕಾರಣ: ಸುರುಳಿಯ ತಂತಿ ಅದಲುಬದಲಾಗಿದೆ. ಆಫ್ ಮಾಡಿ, ಇಬ್ಬರೂ ಕೆಳಗಿಳಿದ ಮೇಲೆ ಎಲ್ಲರೆದುರು ನಿಮ್ಮನ್ನು ಕೇಳಿದೆ, ವೈರು ಸರಿಯಾಗಿ ನೋಡಿದ್ರಾ ಅಣ್ಣ ಅಂತ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸೆಲ್ವಂ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇವರಿಗೆ ಕೆಂಪು ಹಸಿರು ಬೇರೆ ಮಾಡಲು ಬರುವುದಿಲ್ಲ, ಪಾಪ, ಎಂದೆ. ಇಂಗ್ಲಿಷಿನಲ್ಲಿ ಹೇಳಿದರೆ ನಿಮಗೆ ತಾಗುವುದಿಲ್ಲ ಎಂದುಕೊಂಡೆ. ಕಾನ್ವೆಂಟಿನಲ್ಲಿ ಕಲಿತ ನಾವು ಮಾಡುವ ಪೆದ್ದುತನ ಇದು. ಕೆಲಸದವರ ಮುಂದೆ ಇಂಗ್ಲಿಷೆಂದರೆ ಒಂದು ಮುಚ್ಚಿದ ಬಾಗಿಲು ಅಂದುಕೊಳ್ಳುವುದು. ಮೂವತ್ತು ವರ್ಷ ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಅಷ್ಟು ಇಂಗ್ಲಿಷು ತಿಳಿಯುವುದಿಲ್ಲವೇ?

ನೀವು ನನ್ನನ್ನು ನೋಡಿದಿರಿ. ಆಮೇಲೆ ಕತ್ತೆತ್ತಿ ಬೀಮನ್ನು ನೋಡಿದಿರಿ. ಸ್ವಲ್ಪ ಹೊತ್ತೇ ನೋಡಿದಿರಿ.

'ನಂದೇ ಇರ್ಬೋದು. ತಿರುಗ್ಸಿ ಹಾಕ್ತೀನಿ' ಅಂದಿರಿ.

ನೀವು ಏಣಿ ಹತ್ತಿ ತಂತಿ ತಿರುಗಿಸಿ ಇಳಿದಿರಿ. ಎಲ್ಲರೂ ಮಹಡಿಗೆ ಹೋದೆವು. ಸ್ವಿಚ್ ಹಾಕಿದೆ. ಲೋಟದ ನೀರು ಎರಡು ಸಲ ನಡುಗಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲಸ ಮುಗಿದಾಗ ನಿಂತ ನೀರನ್ನು ತಂತಿ ಕಟ್ಟಿದವರು ಕುಡಿಯಬೇಕು ಎನ್ನುವುದು ನೀವೇ ಮಾಡಿದ ಪದ್ಧತಿ. ನಮ್ಮ ಪ್ರತಿಯೊಂದು ಕೆಲಸದಲ್ಲೂ ಅದು ನಡೆದಿತ್ತು. ಅವತ್ತು ಲೋಟವನ್ನು ನನ್ನ ಕೈಗೆ ಕೊಟ್ಟಿರಿ. ನಾನು ಗಟಗಟ ಕುಡಿದೆ. ಯಾಕೆ ಕೊಟ್ಟಿರಿ ಎಂದು ಕೇಳಲಿಲ್ಲ.

ಮಾದೇಶ ಅಂದೇ ನಿಮಗೆ ಉಲ್ಟಾ ಮುನಿಯಪ್ಪ ಎಂದು ಹೆಸರಿಟ್ಟ. ಆ ಹೆಸರು ಸೂಳಗಿರಿಯಿಂದ ಹೊಸೂರಿಗೆ ನಿಮಗಿಂತ ಮೊದಲು ಬಸ್ಸು ಹತ್ತಿತು. ಬಣ್ಣ ಕಾಣದವನ ಕೈಗೆ ವೈರು ಯಾರು ಕೊಡುತ್ತಾರೆ? ಒಂದೊಂದೇ ಕಾರ್ಖಾನೆ ನಿಮ್ಮನ್ನು ಕರೆಯುವುದು ಬಿಟ್ಟಿತು. ಕೊನೆಗೆ, ಇದನ್ನು ಬರೆಯದೆ ಬಿಟ್ಟರೆ ಈ ಕಾಗದಕ್ಕೆ ಅರ್ಥವಿಲ್ಲ, ನಾನೂ ಬಿಟ್ಟೆ. ಕೃಷ್ಣಗಿರಿಯ ಒಂದು ಕೆಲಸಕ್ಕೆ ಸರ್ಟಿಫಿಕೇಟ್ ಇದ್ದ ಬೇರೊಬ್ಬರನ್ನು ಕರೆದುಕೊಂಡು ಹೋದೆ. ಅಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, ನಿಮ್ಮನ್ನು ಕರೆಯದಿದ್ದದ್ದು ನಿಮ್ಮ ಒಳ್ಳೆಯದಕ್ಕೇ, ಬಂದಿದ್ದರೆ ಮುಜುಗರವಾಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಅವತ್ತಿನಿಂದ ಊಟಕ್ಕೆ ಒಬ್ಬಳೇ ಕೂರುತ್ತೇನೆ.

ನಾವು ಕೊನೆಯ ಸಲ ಸಿಕ್ಕಿದ್ದು ಕೆಲಮಂಗಲದ ಬಸ್‌ಸ್ಟ್ಯಾಂಡಿನಲ್ಲಿ. ನೀವು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಿರಿ, ನಾನು ಕಾರಿನಿಂದ ಇಳಿಯದೆ ಕಿಟಕಿ ಇಳಿಸಿದೆ. ನಿಮ್ಮ ಮೊದಲ ಮಾತು, ತೊಟ್ಟಿಲು ನಿಂತೈತಾ ಅಂತ. ನಿಂತಿದೆ ಅಣ್ಣ ಎಂದೆ. ಸಾಕು ಬಿಡು ಎಂದು ಟೀ ಲೋಟ ಎತ್ತಿದಿರಿ. ನಿಮ್ಮ ಎದೆಬಡಿತ ನಿಂತ ಸುದ್ದಿ ನನಗೆ ಯಾರದೋ ಫೋನಿನ ಸ್ಟೇಟಸ್ಸಿನಲ್ಲಿ ಗೊತ್ತಾಯಿತು, ಮೂರು ದಿನ ತಡವಾಗಿ. ತಿಥಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಗಂಡನನ್ನು ಕಳೆದುಕೊಂಡ ರತ್ನಮ್ಮಕ್ಕನ ಮುಖ ನೋಡಲಾಗದೆ ಎದ್ದುಬಂದೆ.

ಇನ್ನು ಹೋದ ತಿಂಗಳಿನದು. ಸೆನ್ಸರಿನ ಕೇಬಲ್ಲನ್ನು ಇಲಿ ಕಡಿದಿತ್ತು, ಸೆನ್ಸರೂ ಕೆಟ್ಟಿತ್ತು. ಹೊಸದು ಹಾಕಲು ಹೋದೆ. ಗಾಳಿಯ ಪೈಪನ್ನು ಅವರು ಯಾವಾಗಲೋ ತೆಗೆಸಿದ್ದರು. ಜಾಗ ಸಿಕ್ಕಿತಲ್ಲ ಎಂದು ಹೊಸ ಸೆನ್ಸರನ್ನು ತಗಡಿನ ಮೇಲ್ಗಡೆ, ನಕ್ಷೆಯಲ್ಲಿದ್ದಂತೆ, ಬಾಣ ಮೇಲೆ ಮಾಡಿ ಕೂರಿಸಿದೆ. ಸ್ವಿಚ್ ಹಾಕಿದೆ. ಮೊದಲೇ ಹೇಳಿದೆನಲ್ಲ, ಮಹಡಿ ಕುಣಿಯಿತು. ಮಾದೇಶ ಕೆಳಗಿನಿಂದ, 'ಓಹೋ, ನಮ್ ಉಲ್ಟಾ ಮುನಿಯಪ್ಪ ಸತ್ಮೇಲೂ ಬುಟ್ಟಿಲ್ಲ ಕಣ್ರಲಾ' ಅಂದ. ಎಲ್ಲರೂ ನಕ್ಕರು. ನಾನೂ ತುಟಿ ಅರಳಿಸಿದೆ ಎಂದು ಕಾಣುತ್ತದೆ.

ಮತ್ತೆ ಏಣಿ ಹತ್ತಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಬಿಚ್ಚಿದ ಪೆಟ್ಟಿಗೆಯೊಳಗೆಲ್ಲ ನೀವು ಪೆನ್ಸಿಲ್ಲಿನಲ್ಲಿ ಏನಾದರೂ ಬರೆದಿಡುತ್ತಿದ್ದಿರಿ, ಮುಂದೆ ಬಿಚ್ಚುವವರಿಗೆ. ನಾನು ಅದನ್ನು ಓದುತ್ತಿರಲಿಲ್ಲ. ಕನ್ನಡ ಆಡುತ್ತೇನೆಯೇ ಹೊರತು ಕೈಬರಹ ಓದಲು ನನಗೆ ಹೊತ್ತು ಹಿಡಿಯುತ್ತದೆ. ಎಲ್ಲ ಲ್ಯಾಪ್‌ಟಾಪಿನಲ್ಲಿದೆಯಲ್ಲ ಎಂಬ ಗರ್ವ ಬೇರೆ. ಅವತ್ತು ಫೋನಿನ ಬೆಳಕು ಹಿಡಿದು, ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

'ತಂತಿ ಸರಿ ಇತ್ತು. ಸೆನ್ಸರು ತಲೆಕೆಳಗೆ ಕೂತದೆ. ಅದಕ್ಕೆ ತಂತಿ ತಿರುಗಿಸಿದೆ. ಮುಂದೆ ಯಾರಾದರೂ ಸೆನ್ಸರು ನೆಟ್ಟಗೆ ಮಾಡಿದರೆ ತಂತಿನೂ ನೆಟ್ಟಗೆ ಮಾಡಿ. ದಾರ ನೋಡಿ. ಮುನಿಯಪ್ಪ.'

ದಾರ ನೋಡಿದೆ. ಎಣ್ಣೆ ಹಿಡಿದು ಕಪ್ಪಾಗಿತ್ತು, ಗಂಟು ಸಡಿಲವಾಗಿರಲಿಲ್ಲ. ನಿಮಗೆ ಗೊತ್ತಿತ್ತು. ಕತ್ತೆತ್ತಿ ನೋಡಿದ ಆ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗಿತ್ತು. ಹಾಗಾದರೆ ಯಾಕೆ, ಮುನಿಯಪ್ಪಣ್ಣ?

ಆಗ ನಾನು ಏನು ಮಾಡಿದೆ ಗೊತ್ತೇ? ತಂತಿ ನೆಟ್ಟಗೆ ಮಾಡಿ, ಮುಚ್ಚಳ ಹಾಕಿ, ಇಳಿದೆ. ಮಹಡಿ ನಿಂತಿತು. ಏನಾಗಿತ್ತು ಎಂದು ಸೆಲ್ವಂ ಕೇಳಿದರು. ಏನಿಲ್ಲ ಸಾರ್, ಹಳೇ ವೈರಿಂಗ್, ಎಂದೆ. ಅಷ್ಟೇ. ಹೊಸೂರಿನವರೆಗೆ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದೆ. ಮೊದಲನೆಯ ಸಲ ಮಾಡಿದ್ದನ್ನು ಗೊತ್ತಿಲ್ಲದೆ ಎನ್ನಬಹುದು. ಎರಡನೆಯದನ್ನು ಏನೆನ್ನಲಿ? ಸತ್ತವರ ಮೇಲೆ ಹೊರಿಸುವುದು ಎಷ್ಟು ಸುಲಭ ಎಂದು ಗೊತ್ತಾಯಿತು. ನಾಲಿಗೆಗೆ ಅದು ಭಾರವೇ ಆಗಲಿಲ್ಲ.

ನಮ್ಮ ಕೆಲಸ ಎಂಥದು ನೋಡಿ. ಅದು ಸರಿಯಾಗಿ ಆದರೆ ಏನೂ ಆಗುವುದಿಲ್ಲ. ಸೇತುವೆ ಕಟ್ಟಿದವರು ಸೇತುವೆ ತೋರಿಸುತ್ತಾರೆ, ನಾನು ಅಲ್ಲಾಡದ ನೆಲ ತೋರಿಸಬೇಕು. ಲೋಟದಲ್ಲಿ ನಿಂತ ನೀರನ್ನು ನೋಡಿ ಸಂತೋಷಪಡುತ್ತಿದ್ದವರು ನಾವಿಬ್ಬರೇ. ನೀವು ಹೋದಮೇಲೆ ನಾನು ನಿಲ್ಲಿಸಿದ ಎಷ್ಟೋ ನೀರನ್ನು ಒಬ್ಬಳೇ ನೋಡಿ, ಸಿಂಕಿಗೆ ಚೆಲ್ಲಿ ಬಂದಿದ್ದೇನೆ.

ಒಂದು ವಾರ ತಡೆದುಕೊಂಡೆ. ಭಾನುವಾರ ಕೆಲಮಂಗಲಕ್ಕೆ ಹೋದೆ. ರತ್ನಮ್ಮಕ್ಕ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಕೂರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಏಣಿ, ಬಾಣ, ಇಂಗ್ಲಿಷು, ಮುಚ್ಚಳ. ಅವರ ಕೈ ನಿಲ್ಲಲೇ ಇಲ್ಲ. ಅವರಿಗೆ ಅದು ಹೊಸದಾಗಿರಲಿಲ್ಲ. ನೀವು ಅಂದು ಸಂಜೆಯೇ ಹೇಳಿದ್ದಿರಂತೆ. ಆ ಅಮ್ಮ ಮೇಲಿದ್ಲು, ಕೆಳಗಿದ್ದೋನು ನಾನು, ತಲೆಕೆಳಗೆ ಕೂರ್ಸೋದ ಕಂಡೂ ಓದ್ದೋಳಿಗೆ ಗೊತ್ತಿರ್ತದೆ ಅಂತ ಸುಮ್ಕಾದೆ, ಅದ್ರಾಗೆ ನಂದೂ ತಪ್ಪೈತೆ, ಅಂತ. ಮೂರು ದಿನ ಕಾದಿರಂತೆ, ನಾನು ಮುಚ್ಚಳ ತೆಗೆದು ಓದಿ ಫೋನು ಮಾಡುತ್ತೇನೆಂದು. ಆಮೇಲೆ ಆ ಮಾತು ಎತ್ತಲಿಲ್ಲವಂತೆ.

ಮೂರು ದಿನ. ನಾನು ನಾಲ್ಕು ವರ್ಷ ತೆಗೆದುಕೊಂಡೆ.

ರತ್ನಮ್ಮಕ್ಕ ಕೈ ಒರೆಸಿಕೊಂಡು ಒಳಗೆ ಹೋಗಿ ನನ್ನ ಹಳೇ ಊಟದ ಡಬ್ಬಿ ತಂದು ಜಗಲಿಯ ಮೇಲಿಟ್ಟರು. ನಾನು ಅದನ್ನು ಅಲ್ಲಿ ಬಿಟ್ಟದ್ದೇ ಮರೆತಿದ್ದೆ. ಈಗ ತಾನೇ ತೊಳೆದ ಹಾಗೆ ಹೊಳೆಯುತ್ತಿತ್ತು.

'ನಂಗ್ ಯೋಳಿ ಏನಮ್ಮಾ ಮಾಡ್ತೀಯ? ಅವ್ರ ಎಸ್ರು ಹೋಗಿದ್ದು ನಮ್ಮನೆ ಜಗಲೀಲಲ್ಲ. ಹೋದ್ ಜಾಗ್ದಾಗೆ ಯೋಳು. ನಾನೂ ಬತ್ತೀನಿ.'

ಬಂದರು. ಸೋಮವಾರ ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಎಲ್ಲರೂ ಒಂದೆಡೆ ಸೇರುತ್ತಾರಲ್ಲ, ಆ ಹೊತ್ತಿಗೆ ಸರಿಯಾಗಿ ಹೋದೆವು. ಮುಚ್ಚಳವನ್ನು ಬಿಚ್ಚಿ ಕೆಳಗೆ ತಂದು, ನಿಮ್ಮ ಬರಹವನ್ನು ಗಟ್ಟಿಯಾಗಿ ಓದಿದೆ. ಎರಡು ಕಡೆ ತಡವರಿಸಿದೆ. ತಲೆಕೆಳಗೆ ಕೂರಿಸಿದವಳು ನಾನು, ಅವರ ದಾರ ಯಾವತ್ತೂ ತಪ್ಪಿರಲಿಲ್ಲ, ಅವರ ಕಣ್ಣಿನ ಬಗ್ಗೆ ನಾನಾಡಿದ ಮಾತು ನನ್ನ ತಪ್ಪನ್ನು ಮುಚ್ಚಿತು, ಮೊನ್ನೆ ಹಳೇ ವೈರಿಂಗ್ ಎಂದದ್ದೂ ಸುಳ್ಳು, ಎಂದೆ. ಕನ್ನಡದಲ್ಲಿ ಹೇಳಿದೆ, ನನಗೆ ಬರುವ ಹರಕುಮುರುಕು ತಮಿಳಿನಲ್ಲೂ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಲಿಲ್ಲ. ಸೆಲ್ವಂ ನೆಲ ನೋಡುತ್ತಿದ್ದರು. ಅವರು ಮುಂದೆ ನನ್ನನ್ನು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಪ್ರೆಸ್ಸಿನವರಲ್ಲಿ ಒಬ್ಬರು ಮೆಲ್ಲಗೆ, ಮುನಿಯಪ್ಪ ಅವತ್ತು ಸುಮ್ಮನೆ ಇದ್ದುಬಿಟ್ಟರಲ್ಲ ಎಂದು ತಮಿಳಿನಲ್ಲಿ ಅಂದರು.

ಮುಚ್ಚಳವನ್ನು ವಾಪಸ್ಸು ಹಾಕುವ ಮುಂಚೆ ನಿಮ್ಮ ಹೆಸರಿನ ಕೆಳಗೆ ನಾನೂ ಪೆನ್ಸಿಲ್ಲಿನಲ್ಲಿ ಬರೆದೆ. ಸೆನ್ಸರು ನೆಟ್ಟಗೆ ಮಾಡಿದೆ, ತಂತಿಯೂ ನೆಟ್ಟಗೆ ಮಾಡಿದೆ, ಮೊದಲು ತಪ್ಪು ಕೂರಿಸಿದ್ದೂ ನಾನೇ, ಸುಮನ. ಅಕ್ಷರ ದುಂಡಗಿಲ್ಲ. ಮುಂದೆ ಬಿಚ್ಚುವವರು ಓದಿಕೊಳ್ಳಲಿ.

ಪ್ರೆಸ್ಸುಗಳು ಶುರುವಾದವು. ಮೇಲೆ ಲೋಟದಲ್ಲಿ ನೀರು ಇಟ್ಟೆವು. ಅದು ಕದಲಲಿಲ್ಲ. ನಮ್ಮ ಪದ್ಧತಿ ಮಾದೇಶನಿಗೆ ನೆನಪಿತ್ತು. ಲೋಟ ಎತ್ತಿ ನನ್ನ ಕಡೆ ಚಾಚಿದ. ನಾನು ರತ್ನಮ್ಮಕ್ಕನಿಗೆ ಕೊಡಲು ಹೇಳಿದೆ. ಅವರು ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ನಿಮ್ಮ ಹಾಗೇ ಅಂಗೈಯನ್ನು ಒತ್ತಿದರು. ನಿಮ್ಮಿಂದ ಕಲಿತದ್ದೋ, ಅಥವಾ ನೀವೇ ಅವರಿಂದ ಕಲಿತದ್ದೋ... ಆಮೇಲೆ ಆ ನೀರನ್ನು ನಿಧಾನವಾಗಿ, ಒಂದು ಹನಿಯನ್ನೂ ಬಿಡದೆ ಕುಡಿದರು.

ಈಗ ಅವರಿಗೆ ತಿಂಗಳಿಗೊಂದು ಸಲ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ, ಡಬ್ಬಿ ತೆಗೆದುಕೊಂಡು. ಅರ್ಧ ಮುದ್ದೆ ತಳ್ಳುವವರಿಲ್ಲ, ಆದರೂ ಬಡಿಸುವವರಿದ್ದಾರೆ.

ಇನ್ನೊಂದು ಸುದ್ದಿ, ನೀವು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಹೋದ ವಾರ ಸೂಳಗಿರಿಯ ಟೀ ಅಂಗಡಿಯಲ್ಲಿ ನಿಂತಿದ್ದೆ. ಹಿಂದಿನಿಂದ ಪ್ರೆಸ್ಸಿನವರೊಬ್ಬರು ಪಕ್ಕದವರಿಗೆ ನನ್ನನ್ನು ತೋರಿಸಿ, 'ಅವ್ರೇ ಕಣ್ಲಾ, ಉಲ್ಟಾ ಮೇಡಮ್ಮು' ಎಂದರು. ನಾನು ತಿರುಗಿ ನೋಡಿದೆ. ಅವರು ನಾಲಿಗೆ ಕಚ್ಚಿಕೊಂಡರು. ಹೌದು, ನಾನೇ, ಎಂದೆ.

ಆ ಹೆಸರು ನಾಲ್ಕು ವರ್ಷ ದಾರಿ ತಪ್ಪಿ ನಿಮ್ಮ ಹತ್ತಿರ ಇತ್ತು, ಮುನಿಯಪ್ಪಣ್ಣ. ಈಗ ಮನೆಗೆ ಬಂದಿದೆ.

ನಿಮ್ಮ
ಸುಮನ